ಕಾಕಾ ಇಳಿಸಿದ ಭಾರ

ಹಾವೇರಿಯಲ್ಲಿ ನಮ್ಮ ಓಣಿಯ ತುದಿಗೆ ಒಂದು ದೊಡ್ಡ ಬಟ್ಟೆ ಅಂಗಡಿಯಾಗಿದೆ, ಅದಕ್ಕೆ ಲಿಫ್ಟ್ ಇದೆ. ಹಬ್ಬದ ಮುಂಚೆ ಹೆಂಗಸರು ಮಕ್ಕಳು ಅದರೊಳಗೆ ತುಂಬಿಕೊಂಡಾಗ ಅದು ಮೇಲೇರುವುದಿಲ್ಲ, ಕುಂಯ್ ಎಂದು ಒಂದೇ ಸಮನೆ ಕೂಗುತ್ತದೆ. ಭಾರ ಹೆಚ್ಚಾಗಿದೆ, ಒಬ್ಬರು ಇಳಿಯಬೇಕು ಎಂದು ಅದರ ಅರ್ಥ. ಆಗ ಒಳಗಿದ್ದವರೆಲ್ಲ ಒಬ್ಬರನ್ನೊಬ್ಬರು ನೋಡುತ್ತಾರೆ, ಮೈಯುಳ್ಳವರು ತಲೆಯ ಮೇಲಿನ ದೀಪ ನೋಡುತ್ತಾರೆ. ನಾನು ಯಾರನ್ನೂ ನೋಡದೆ ಹೊರಗೆ ಬಂದುಬಿಡುತ್ತೇನೆ. ನನ್ನ ಸೊಸೆಗೆ ಇದು ಸೇರುವುದಿಲ್ಲ.

"ಎಲ್ಲಾರಕಿಂತ ಮೊದಲ ಹತ್ತಿದವರು ನೀವು. ಕಡೀಕ ಬಂದವರು ಇಳೀಲಿ ಬಿಡ್ರಿ, ಅತ್ತಿ."

ನನಗೆ ಮೆಟ್ಟಿಲೇ ಚಲೋ ಎಂದು ಹೇಳಿ ಮೊಣಕಾಲು ಹಿಡಿದುಕೊಂಡು ಹತ್ತುತ್ತೇನೆ. ಆ ಯಂತ್ರ ಕೂಗಿದ ಕೂಡಲೇ ನನ್ನ ಕಿವಿಯಲ್ಲಿ ಯಾರೋ "ಇಳಿ ಗೌರಿ" ಎನ್ನುತ್ತಾರೆ ಎಂದು ಅವಳಿಗೆ ಹೇಗೆ ಹೇಳಲಿ? ಅದು ನನ್ನ ಕಾಕಾನ ದನಿ. ಸಿಟ್ಟಿನದಲ್ಲ, ನಗುವಿನ ದನಿ. ಅವನು ಹೋದಾಗ ನನಗೆ ಇನ್ನೂ ಲಂಗ ಉಡುವ ವಯಸ್ಸು. ಈಗ ನನ್ನ ಮೊಮ್ಮಗಳಿಗೆ ಆ ವಯಸ್ಸು. ದನಿಗೆ ಮಾತ್ರ ಒಂದು ಕೂದಲೂ ನರೆತಿಲ್ಲ.

ನಾನು ಹುಟ್ಟಿ ಬೆಳೆದ ಬ್ಯಾಡಗಿಯ ಮನೆಗೆ ಎರಡು ಮುಖ. ರಸ್ತೆಯ ಕಡೆ ಅಪ್ಪನ ಮೆಣಸಿನಕಾಯಿ ದಲಾಲಿ ಅಂಗಡಿ, ಹಿತ್ತಲ ಕಡೆ ಅವ್ವನ ಅಡುಗೆ ಮನೆ. ನಡುವೆ ಪಡಸಾಲೆ, ಅದರ ಮಗ್ಗುಲಿಗೆ ದೇವರ ಮನೆ. ಸುಗ್ಗಿ ಬಂತೆಂದರೆ ಚೀಲಗಳು ಅಂಗಡಿಯಲ್ಲಿ ಹಿಡಿಸದೆ ಪಡಸಾಲೆಗೆ ಹರಿಯುತ್ತಿದ್ದವು. ನಾವು ಚೀಲದ ಸಂದಿಯಲ್ಲೇ ಉಂಡು, ಚೀಲದ ಸಂದಿಯಲ್ಲೇ ಮಲಗುತ್ತಿದ್ದೆವು. ಬಂದ ಬೀಗರೆಲ್ಲ ಹೊಸ್ತಿಲು ದಾಟುತ್ತಲೇ ಸೀನುತ್ತಿದ್ದರು. ನಾವ್ಯಾರೂ ಸೀನುತ್ತಿರಲಿಲ್ಲ. ಅಂಗಡಿಯ ತೊಲೆಗೆ ಒಂದು ದೊಡ್ಡ ತಕ್ಕಡಿ ತೂಗುಬಿದ್ದಿತ್ತು, ಅದರ ಪರಡಿಯಲ್ಲಿ, ಅಂದರೆ ತಟ್ಟೆಯಲ್ಲಿ, ಒಬ್ಬ ಆಳು ಕಾಲು ಮಡಚಿ ಕೂಡಬಹುದಿತ್ತು. ಅಪ್ಪ ಬೆಳಗ್ಗೆ ಲಿಂಗಪೂಜೆ ಮುಗಿಸಿ ಎದ್ದವನು ಮೊದಲು ತಕ್ಕಡಿಯ ದಂಡಿಗೆ ವಿಭೂತಿ ಹಚ್ಚುವನು, ಆಮೇಲೆ ಚಹಾ ಕುಡಿಯುವನು. ತೂಗುವಾಗ ಪರಡಿಯ ಹತ್ತಿರ ಯಾರೂ ಸುಳಿಯುವಂತಿಲ್ಲ, ಸೆರಗು ಸಹ ತಾಗುವಂತಿಲ್ಲ. ಒಮ್ಮೆ ಒಬ್ಬ ಹಮಾಲ ರೈತನ ಮಾಲು ತೂಗುವಾಗ ಪರಡಿಗೆ ಬೆರಳು ಹಚ್ಚಿದ್ದನ್ನು ಅಪ್ಪ ಕಂಡ. ಬೈಯಲಿಲ್ಲ. ಅವನನ್ನು ಕರೆದು ಕೂಡಿಸಿ ಚಹಾ ಕೊಟ್ಟು ಹೇಳಿದ:

"ನಮ್ಮ ತಮ್ಮನ ಲಗ್ನಕ್ಕ ಉಣ್ಣಾಕ ಬಾ. ತೂಗಾಕ ಮಾತ್ರ ಬರಬ್ಯಾಡ."

ಹೀಗೆ ತೂಕವೇ ದೇವರಾಗಿದ್ದ ಮನೆಯಲ್ಲಿ, ಹಗಲೆಲ್ಲ ತೂಕ ಇಳಿಸುವುದನ್ನೇ ಕಸುಬು ಮಾಡಿಕೊಂಡವನು ಆ ತಮ್ಮ, ಅಂದರೆ ನನ್ನ ಶೇಖಪ್ಪ ಕಾಕಾ. ಅವನು ಹುಬ್ಬಳ್ಳಿಯಿಂದ ಒಂದು ಹಳೆಯ ಸಣ್ಣ ಕಾರನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದಿದ್ದ. ಅದನ್ನು ಸ್ಪೋರ್ಟ್ಸ್ ಕಾರು ಮಾಡುತ್ತೇನೆ ಎನ್ನುವುದು ಅವನ ಹಟ. ರಾಣೇಬೆನ್ನೂರಿನ ಆಚೆ, ಕುಪ್ಪೇಲೂರಿನ ಕಡೆ, ಬೆಳೆ ತೆಗೆದ ಹೊಲದಲ್ಲಿ ಮಣ್ಣಿನ ಹಾದಿ ಮಾಡಿ ಕಾರು ಓಡಿಸುವ ಪಂದ್ಯ ನಡೆಯುತ್ತಿತ್ತು. ಪಟ್ಟಣದವರು ಹೊಳೆಯುವ ಕಾರು ತಂದು ಧೂಳೆಬ್ಬಿಸಿ ಗೆದ್ದು ಹೋಗುತ್ತಿದ್ದರು. ಅವರನ್ನು ಒಮ್ಮೆ ಹಿಂದೆ ಹಾಕಬೇಕು ಎಂಬುದೊಂದೇ ಕಾಕಾನ ಆಸೆ. ಅವನ ಜೊತೆಗಾರ ಖಾದರಸಾಬ, ರಾಣೇಬೆನ್ನೂರಿನಲ್ಲಿ ಗ್ಯಾರೇಜು ಇಟ್ಟವನು. ನನಗೆ ಖಾದರ ಮಾಮಾ. ಸಂತೆಯ ದಿನ ಬಿಟ್ಟು ಉಳಿದ ದಿನ ಅವರಿಬ್ಬರ ವಾದ ನಮ್ಮ ಅಂಗಡಿಯ ಕಟ್ಟೆಯ ಮೇಲೆ ನಡೆಯುತ್ತಿತ್ತು.

"ದೊಡ್ಡ ಇಂಜಿನ್ ಕೂಡ್ಸೂಣು ಶೇಖಣ್ಣ. ಕುದುರಿಬಲ ಹೆಚ್ಚಾದ್ರ ಓಟ ಹೆಚ್ಚು. ಇದಕ್ಕೇನ್ ಶಾಣ್ಯಾತನ ಬೇಕು?"

"ದೊಡ್ಡ ಇಂಜಿನ್ ಅಂದ್ರ ದೊಡ್ಡ ತೂಕ, ಭಾಯ್. ಮೂತಿ ಭಾರ ಆತಂದ್ರ ಸ್ಪ್ರಿಂಗ್ ದಪ್ಪನ್ವು ಹಾಕು, ಬ್ರೇಕ್ ದೊಡ್ಡವು ಹಾಕು, ಪೆಟ್ರೋಲ್ ಹೆಚ್ಚಿಗಿ ತುಂಬು. ಅದರ ತೂಕ ಹೊರಾಕ ಮತ್ತ ನಾಕ ಕುದುರಿ ತಾ. ಇದು ಮುಗಿಯೂ ಮಾತಲ್ಲ."

"ಹಂಗಾರ ಏನ್ ಮಾಡ್ತಿ?"

"ಇದ್ದ ಕುದುರಿ ಇರ್ಲಿ, ಮ್ಯಾಲಿನ ಹೇರು ಇಳಸ್ತೇನಿ. ಖಾಲಿ ಗಾಡಾ ಓಡ್ಸೂದು ನೋಡಿಲ್ಲೇನು? ಎರಡಕ್ಕೂ ಅವ ಎತ್ತು. ಚೀಲ ಹೇರಿದ್ರ ಮಾರ್ಕೆಟ್ಟಿಗೆ ಬರೂದ್ರಾಗ ಮಧ್ಯಾಹ್ನ ಆಗತೈತಿ. ಖಾಲಿ ಕಟ್ಟಿದ್ರ ಕಣ್ಣಿಗೆ ಸಿಗೂದಿಲ್ಲ. ಕುದುರಿ ಬರೇ ನೆಟ್ಟಗ ಓಡಾಕ ಉಪಯೋಗ. ತಿರುವಿನ್ಯಾಗ, ಬ್ರೇಕ್ ಹೊಡದಾಗ ಕುದುರಿ ಏನ್ ಮಾಡ್ತಾವ? ಹಗುರ ಇದ್ದದ್ದು ಓಡಾಕೂ ಚಲೋ, ತಿರಗಾಕೂ ಚಲೋ, ನಿಲ್ಲಾಕೂ ಚಲೋ."

"ಖರೇ. ಆದ್ರ ಗಾಲಿ ನೆಲ ಹಿಡಿಯಾಕ ಮ್ಯಾಲ ಒಂದೀಟು ಭಾರ ಇರಬೇಕಲ್ಲಪಾ."

ಒಳಗೆ ಗಾದಿಯ ಮೇಲೆ ಕೂತ ಅಪ್ಪ ಕೆಮ್ಮುತ್ತಿದ್ದ.

"ನೀವಿಬ್ಬರೂ ನನ್ನ ಅಂಗಡಿ ಮುಂದ ತೂಕ ಇಳಸೂ ಮಾತ ಆಡಬ್ಯಾಡ್ರಿ. ರೈತರು ಕೇಳಿದ್ರ ಓಡಿಹೋಗ್ತಾರ."

ಕಾರಿನಿಂದ ಇಳಿದದ್ದೆಲ್ಲ ನಮ್ಮ ಮನೆ ಸೇರಿತು. ಹಿಂದಿನ ಸೀಟು ಅಂಗಡಿಗೆ ಬಂತು, ಮಾಲು ತಂದ ರೈತರು ಅದರ ಮೇಲೆ ಕೂತು ಕುಣಿದು ನೋಡುತ್ತಿದ್ದರು. ಮುಂದಿನ ಎಡಗಡೆಯ ಸೀಟು ಪಡಸಾಲೆಗೆ ಬಂತು. ಅಪ್ಪನ ತಾಯಿ, ನಮ್ಮ ಆಯಿ, ಮೊದಲು ಅದನ್ನು ಮುಟ್ಟಲು ಒಲ್ಲೆನೆಂದಳು, ಆಮೇಲೆ ಅದರ ಮೇಲಿಂದ ಏಳಲು ಒಲ್ಲೆನೆಂದಳು. ಸ್ಟೆಪ್ನಿ ಗಾಲಿ ಹಿತ್ತಲಿಗೆ ಬಂದು ಅವ್ವನಿಗೆ ಹಪ್ಪಳದ ಮೊರ ಇಡುವ ಕಟ್ಟೆಯಾಯಿತು. ಬಂಪರಿನ ಮೇಲೆ ಆಯಿಯ ಸೀರೆ ಒಣಗುತ್ತಿತ್ತು. ರಬ್ಬರಿನ ಹಾಸು ಬಚ್ಚಲಿಗೆ. ಕಾರು ದಿನದಿನಕ್ಕೆ ಬರಿದಾಗುತ್ತ ಹೋಯಿತು, ಮನೆ ದಿನದಿನಕ್ಕೆ ತುಂಬುತ್ತ ಹೋಯಿತು. ಕೊನೆಗೆ ಕಾಕಾ ತನ್ನ ಮೈಗೇ ಕೈ ಹಾಕಿದ. ಮೂರು ರೊಟ್ಟಿ ತಿನ್ನುವವನು ಒಂದಕ್ಕೆ ಬಂದ, ಒಂದರಿಂದ ಅರ್ಧಕ್ಕೆ. ಪುಂಡಿಪಲ್ಯ, ಕೆಂಪು ಚಟ್ನಿ, ಗಟ್ಟಿ ಮೊಸರು ಎದುರಿಗಿಟ್ಟರೂ ಕೈ ತೊಳೆದುಬಿಡುತ್ತಿದ್ದ. ಅವ್ವನಿಗೆ ಅದು ತನ್ನ ಕೈಯಡುಗೆಗೆ ಮಾಡಿದ ಅವಮಾನ.

"ಗಾಡೀದು ಇಳಸು. ನಿಂದ್ಯಾಕ ಇಳಸ್ತಿ ಶೇಖಣ್ಣ?"

"ನಾನೂ ಗಾಡ್ಯಾಗಿನ ಸಾಮಾನ ಅಲ್ಲೇನ್ರಿ ವೈನಿ?"

ಆ ಕಾರಿನಲ್ಲಿ ಅವನ ಮಗ್ಗುಲಿಗೆ ಕೂಡುವ ಭಾಗ್ಯ ಇದ್ದದ್ದು ನನಗೊಬ್ಬಳಿಗೆ. ಸೀಟು ತೆಗೆದ ಜಾಗದಲ್ಲಿ ಖಾಲಿ ಮೆಣಸಿನಕಾಯಿ ಚೀಲ ಮಡಚಿ ಹಾಕಿ ನನ್ನನ್ನು ಕೂಡಿಸುತ್ತಿದ್ದ. ಕೆಳಗೆ ಬರಿಯ ತಗಡು, ತಗಡಿನ ಕೆಳಗೆ ಓಡುವ ರಸ್ತೆ. ಆ ಕಾರು ಹೋಗುತ್ತಿದ್ದದ್ದು ಕಾರಿನಂತೆ ಅಲ್ಲ, ಗಾಳಿ ಹೊತ್ತ ಹೊಟ್ಟಿನಂತೆ. ತಿರುವಿನಲ್ಲಿ ಎಡಗೈಯಿಂದ ನನ್ನ ಭುಜ ಹಿಡಿದುಕೊಳ್ಳುತ್ತಿದ್ದ. ಹಿಂದೆ ಏನೂ ಇರಲಿಲ್ಲ, ಬರಿಯ ಗುಡುಗು. ದೊಡ್ಡವಳಾದ ಮೇಲೆ ನಾನು ಎಷ್ಟೋ ಮೆತ್ತನೆಯ ಗಾಡಿಗಳಲ್ಲಿ ಕೂತಿದ್ದೇನೆ. ಆದರೆ ಒಬ್ಬರು ನನ್ನನ್ನು ಕೈಯಿಂದ ಹಿಡಿದುಕೊಂಡು ಹಾದಿ ತಿರುಗಿಸಿದ್ದು ಆಗ ಮಾತ್ರ.

ಪಂದ್ಯ ಹತ್ತಿರ ಬಂದಾಗ ಆಯಿ ಹರಕೆ ಹೊತ್ತಳು. ಮಗ ಸುಖವಾಗಿ ಹೊಳ್ಳಿ ಬಂದರೆ ಮನೆದೇವರು ವೀರಭದ್ರನಿಗೆ ಅವನ ತೂಕದಷ್ಟು ಬೆಲ್ಲದ ತುಲಾಭಾರ. ಹರಕೆ ಹೊತ್ತವರು ಕೆಲಸ ಕೈಗೂಡಿದ ಮೇಲೆ ತೂಗಿಸುತ್ತಾರೆ, ಅದು ಎಲ್ಲರಿಗೂ ಗೊತ್ತಿದ್ದ ಪದ್ಧತಿ. ಆಯಿ ಮಾತ್ರ ಈಗಲೇ ತೂಗಿ ಇಡಬೇಕೆಂದು ಹಟ ಹಿಡಿದಳು. ಪೂಜೆಗೆ ಬರುತ್ತಿದ್ದ ಅಯ್ಯನವರು ಮೆಲ್ಲಗೆ ಹೇಳಿ ನೋಡಿದರು.

"ಮೊದಲ ತೂಗಬಾರದವ್ವ. ಬಂದ ಮ್ಯಾಲ ತೂಗ್ರಿ."

"ದಿನಾ ಕರಗಾಕತ್ತಾನ್ರಿ ಅಯ್ಯಾರ. ಹೊಳ್ಳಿ ಬರೂದ್ರಾಗ ಅರ್ಧ ಉಳೀತಾನ. ದೇವರಿಗೆ ಲುಕ್ಸಾನ ಆಗಬೇಕೇನು?"

ಜೀವಮಾನವೆಲ್ಲ ಮೆಣಸಿನಕಾಯಿ ವ್ಯಾಪಾರದ ಮನೆಯಲ್ಲಿ ಕಳೆದವಳು. ಒಣಗುವ ಮೊದಲು ತೂಗಿಸಿದರೆ ಲಾಭ ಎಂದು ಅವಳಿಗೆ ಗೊತ್ತು. ಆ ಲಾಭ ದೇವರಿಗಾಗಲಿ ಎಂದಳು. ಕಾಕಾನಿಗೆ ಒತ್ತಾಯದಿಂದ ಎರಡು ರೊಟ್ಟಿ ತಿನ್ನಿಸಿ, ಬೂಟು ಹಾಕಿಸಿ, ತಕ್ಕಡಿಯಲ್ಲಿ ಕೂಡಿಸಿದಳು. ಅವನು ಮಕ್ಕಳ ಹಾಗೆ ತೂಗಾಡುತ್ತ ಕೂತ. ಎದುರು ಪರಡಿಗೆ ಅಪ್ಪ ಬೆಲ್ಲದ ಪೆಂಟಿ, ದೊಡ್ಡ ದೊಡ್ಡ ಅಚ್ಚು, ಹೇರಿದ, ದಂಡಿ ಸಮವಾದ ಮೇಲೆ ಆಯಿಯ ಸಮಾಧಾನಕ್ಕೆಂದು ಇನ್ನೊಂದು ತುಂಡು ಇಟ್ಟ. ಆ ಬೆಲ್ಲವನ್ನೆಲ್ಲ ದೇವರ ಮನೆಯ ಮೂಲೆಯಲ್ಲಿ ಮಣೆಯ ಮೇಲೆ ಪೇರಿಸಿ ಬಿಳಿ ಪಂಚೆ ಹೊದಿಸಿದರು. ಮರುದಿನ ದೀಪ ಹಚ್ಚಲು ಹೋದಾಗ ನನಗೆ ಅಲ್ಲಿ ಯಾರೋ ಮುಸುಕು ಹಾಕಿಕೊಂಡು ಕೂತ ಹಾಗೆ ಕಂಡಿತು. ಹೊರಗೆ ಬಂದು ನೋಡಿದರೆ ಕಾಕಾ ಹಿತ್ತಲಲ್ಲಿ ಹಲ್ಲು ತಿಕ್ಕುತ್ತಿದ್ದ.

ಪಂದ್ಯದ ಬೆಳಗ್ಗೆ ನನ್ನನ್ನೂ ಕರೆದುಕೊಂಡು ಹೊರಟ. ಹಿಂದೆ ಮೋಟರ್ ಸೈಕಲ್ಲಿನ ಮೇಲೆ ಸಾಮಾನಿನ ಚೀಲ ಕಟ್ಟಿಕೊಂಡು ಖಾದರ ಮಾಮಾ. ಊರು ದಾಟುವಾಗ ರೈಲು ಗೇಟು ಹಾಕಿತ್ತು. ಗೂಡ್ಸ್ ಗಾಡಿ, ಉದ್ದಕ್ಕೆ ಮುಗಿಯಲೊಲ್ಲದು. ಕಾಕಾ ಇಂಜಿನ್ನಿನ ಸಪ್ಪಳ ಕೇಳುತ್ತ, ಸ್ಟೇರಿಂಗಿನ ಮೇಲೆ ಬೆರಳು ಬಡಿಯುತ್ತ ಕೂತಿದ್ದ. ಒಮ್ಮೆಲೇ ನನ್ನ ಕಡೆ ತಿರುಗಿದ.

"ಇಳಿ ಗೌರಿ."

"ಯಾಕ ಕಾಕಾ? ಕುಪ್ಪೇಲೂರ ಮಟಾ ಕರಕೊಂಡ ಹೋಗ್ತೇನಿ ಅಂದಿದ್ದಿ."

"ಖಾದರ ಮಾಮಾನ ಗಾಡಿ ಹತ್ತಿ ಬಾ. ದೊಡ್ಡ ರಸ್ತಾದಾಗ ಒಬ್ಬನ ಓಡಿಸಿ ನೋಡ್ತೇನಿ."

"ನಾ ಏನ್ ಭಾರ ಇಲ್ಲ."

"ಭಾರ ಇಲ್ಲದವರು ಇಳ್ಯಾಕ ಇಷ್ಟ ಜಗಳಾಡೂದಿಲ್ಲ. ಇಳಿ ಗೌರಿ."

ನಗುತ್ತಿದ್ದ. ನಾನು ಮುಖ ಊದಿಸಿಕೊಂಡು ಇಳಿದೆ. ನನ್ನ ಹಿಂದೆಯೇ ನಾನು ಕೂತಿದ್ದ ಚೀಲವನ್ನೂ ಹೊರಗೆ ಒಗೆದ, ನಾನು ಅದನ್ನು ಎತ್ತಿಕೊಂಡು ಮಾಮಾನ ಹಿಂದೆ ಹತ್ತಿದೆ. ಗೇಟು ತೆರೆಯಿತು. ಕಾರು ಹಳಿಗಳ ಮೇಲೆ ಒಮ್ಮೆ ಜಿಗಿದು ಹೋದದ್ದು ಕಂಡಿತು, ಅಷ್ಟೇ.

ಮೋಟೆಬೆನ್ನೂರು ದಾಟಿ ದೊಡ್ಡ ರಸ್ತೆಯಲ್ಲಿ ಸ್ವಲ್ಪ ದೂರ ಹೋದ ಮೇಲೆ ಜನ ನಿಂತಿದ್ದರು. ಒಂದು ಲಾರಿ ಬದಿಗೆ ನಿಂತಿತ್ತು. ಅದು ಮುಟ್ಟಿಲ್ಲ, ಅದರ ಗಾಳಿಗೆ ಕಾರಿನ ಹಿಂಭಾಗ ಹಾರಿತು ಎಂದು ಒಬ್ಬರೆಂದರು. ಬದಿಯ ಖಡಿಕಲ್ಲಿನ ಮೇಲೆ ಜಾರಿತು ಎಂದು ಇನ್ನೊಬ್ಬರು. ಹತ್ತಿಯ ಹೊಲದಲ್ಲಿ ಕಾರು ಬೋರಲು ಬಿದ್ದಿತ್ತು. ಹೊಲದವರು ಮೂರ್ನಾಲ್ಕು ಮಂದಿ ಸೇರಿ ಬರಿಗೈಯಿಂದ ಅದನ್ನು ಎತ್ತಿ ನಿಲ್ಲಿಸಿದರು. ಅಷ್ಟು ಹಗುರವಾಗಿತ್ತು. ನಾನು ನೋಡಿದ್ದು ಅದೊಂದೇ. ಖಾದರ ಮಾಮಾ ನನ್ನ ಕೈಯಲ್ಲಿದ್ದ ಚೀಲವನ್ನೇ ನನ್ನ ತಲೆಯ ಮೇಲಿಂದ ಮುಖಕ್ಕೆ ಎಳೆದುಬಿಟ್ಟ.

"ಬೇಟೀ, ನೀ ನೋಡಬ್ಯಾಡ. ನನ್ನ ಅಂಗಿ ಹಿಡಕೊಂಡ ನಿಂದ್ರು."

ಚೀಲದ ತುಂಬ ಮೆಣಸಿನಕಾಯಿಯ ಧೂಳು. ಹುಟ್ಟಿದ ಮೇಲೆ ಮೊದಲ ಸಲ ನನಗೆ ಸೀನು ಬಂತು. ಒಂದರ ಮೇಲೊಂದು ಸೀನುತ್ತ, ಕಣ್ಣೀರು ಸುರಿಸುತ್ತ ನಿಂತೆ. ಅದರಲ್ಲಿ ಖಾರದ ಕಣ್ಣೀರು ಎಷ್ಟು, ಕಾಕಾನದು ಎಷ್ಟು ಎಂದು ಶಿವನೇ ಬಲ್ಲ.

ಆಮೇಲಿನ ತಿಂಗಳುಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಆಯಿ ಸೀಟಿನ ಮೇಲೆ ಕೂಡುವುದನ್ನು ಬಿಟ್ಟಳು. ಆದರೂ ಬಿಸಿಲು ಏರಿದಾಗ ಅದರ ಸ್ಪ್ರಿಂಗು ತಾನಾಗಿಯೇ ಕಿರ್ ಎನ್ನುತ್ತಿತ್ತು, ಯಾರೋ ಬಂದು ಕೂತ ಹಾಗೆ, ಯಾರೋ ಎದ್ದು ಹೋದ ಹಾಗೆ. ಅಡುಗೆ ಮನೆಯಲ್ಲಿ ಅವ್ವನ ಕೈ ರೊಟ್ಟಿ ಬಡಿಯುವುದನ್ನು ನಿಲ್ಲಿಸುತ್ತಿತ್ತು. ದೇವರ ಮನೆಯಲ್ಲಿ ಆ ಬೆಲ್ಲ ಪಂಚೆ ಹೊದ್ದುಕೊಂಡು ಹಾಗೆಯೇ ಕೂತಿತ್ತು. ಅದನ್ನು ತಿನ್ನುವಂತಿಲ್ಲ, ಕೊಡುವಂತಿಲ್ಲ. ಮಳೆ ಹಿಡಿದ ಮೇಲೆ ಅದು ಬೆವರತೊಡಗಿತು. ಪಂಚೆಯ ಮೇಲೆ ಕಂದು ಕಲೆಗಳೆದ್ದವು. ಸಣ್ಣಗೆ ಒಂದು ಎಳೆ ಮಣೆಯಿಂದ ಇಳಿದು, ದೇವರ ಮನೆಯ ಹೊಸ್ತಿಲು ದಾಟಿ, ಪಡಸಾಲೆಯ ಸೀಟಿನ ಕಡೆಗೆ ಬಂತು. ಅದರ ಹಿಂದೆ ಇರುವೆಗಳು. ಹಗಲೆಲ್ಲ ಕಾಕಾನನ್ನು ಚೂರು ಚೂರಾಗಿ ಹೊತ್ತುಕೊಂಡು ಹೋಗುತ್ತಿದ್ದವು. ಅವ್ವ ಅರಿಶಿನ ಹಾಕಲು ಹೋದರೆ ಆಯಿ ಬೇಡವೆಂದು ಕೈ ಹಿಡಿದಳು.

ಆಯಿ ಅನ್ನ ರೊಟ್ಟಿ ಬಿಟ್ಟಿದ್ದಳು. ಹರಕೆ ಬಾಕಿ ಇಟ್ಟುಕೊಂಡು ಬೇಯಿಸಿದ್ದನ್ನು ಉಣ್ಣುವುದಿಲ್ಲ ಎಂದಳು. ಒಂದು ಲೋಟ ಹಾಲು, ಒಂದು ಬಾಳೆಹಣ್ಣು. ಜಳಕ ಮಾಡಿಸುವಾಗ ಅವ್ವ ಅವಳನ್ನು ಖಾಲಿ ಚೀಲದ ಹಾಗೆ ಒಂದೇ ಕೈಯಲ್ಲಿ ಎತ್ತುತ್ತಿದ್ದಳು. ಡಾಕ್ಟರು ಬಂದು ನೋಡಿ, ಹೀಗೇ ಬಿಟ್ಟರೆ ಮುದುಕಿ ಉಳಿಯುವುದಿಲ್ಲ ಎಂದು ಹೇಳಿ ಹೋದರು. ಅಪ್ಪ ಅವಳ ಕಾಲಿನ ಹತ್ತಿರ ಕೂತು ಮೊದಲು ಬೇಡಿಕೊಂಡ, ಆಮೇಲೆ ಸಿಟ್ಟಿಗೆದ್ದ.

"ಮಗನ್ನ ಹೊಳ್ಳಿ ಕೊಡದ ದೇವರಿಗೆ ಎಂಥಾ ಹರಕಿ, ಯವ್ವಾ? ಆ ಬೆಲ್ಲ ಹಳ್ಳಕ್ಕ ಚೆಲ್ಲಿ ಬರ್ತೇನಿ."

"ತೂಕ ಆಗಿಹೋಗೇತಿ ಚನ್ನಾ. ತೂಕ ಆದ ಮಾಲು ನಮ್ಮದಲ್ಲ. ನೀನ ಹೇಳೂ ಮಾತು ಇದು."

"ಹಂಗಾರ ಗುಡಿಗೆ ಕೊಟ್ಟುಬಿಡು."

"ಬರಲಿಲ್ಲಲ್ಲೋ ಅವ. ಏನಂತ ಹೇಳಿ ಕೊಡ್ಲಿ?"

ಅಪ್ಪ ಎದ್ದು ಅಂಗಡಿಗೆ ಹೋದ.

ನಾನು ಆ ದಿನಗಳಲ್ಲಿ ಹಿಮ್ಮಡಿ ಊರದೆ ನಡೆಯುತ್ತಿದ್ದೆ. ಯಾರೂ ನನಗೆ ಏನೂ ಅಂದಿರಲಿಲ್ಲ, ಅದೇ ನನಗೆ ಕಷ್ಟವಾಗಿತ್ತು. ಖಾದರ ಮಾಮಾ ಮಾತಾಡಿಸಲು ಬಂದಾಗಲೆಲ್ಲ ಕಟ್ಟೆಯ ಮೇಲೆ ಅವನು ಆಡಿದ ಮಾತು ನೆನಪಾಗುತ್ತಿತ್ತು. ಗಾಲಿ ನೆಲ ಹಿಡಿಯಲು ಒಂದೀಟು ಭಾರ ಇರಬೇಕು. ಆ ಒಂದೀಟು ಭಾರ ನಾನೇ ಆಗಿದ್ದೆನೇನು? ನಾನು ಮಗ್ಗುಲಲ್ಲಿ ಕೂತಿದ್ದರೆ ಗಾಲಿ ನೆಲ ಹಿಡಿಯುತ್ತಿತ್ತೇನು? ಅಥವಾ ಇಬ್ಬರೂ ಆ ಹತ್ತಿಯ ಹೊಲದಲ್ಲಿ ಬೀಳುತ್ತಿದ್ದೆವೇನು? ಇವತ್ತಿಗೂ ಪೂಜೆಗೆ ಕೂತಾಗ ಈ ಪ್ರಶ್ನೆ ಬಂದು ಎದುರಿಗೆ ಕೂಡುತ್ತದೆ. ಅದನ್ನು ಏಳು ಎಂದು ಹೇಳುವುದನ್ನು ಬಿಟ್ಟಿದ್ದೇನೆ. ಅದಕ್ಕೂ ಒಂದು ಹೂವು ಇಡುತ್ತೇನೆ.

ಒಂದು ಸೋಮವಾರ ಅವ್ವ ಒಲೆ ಆರಿಸಿ ಬಂದು ಆಯಿಯ ಮುಂದೆ ಕೂತಳು. ಮನೆಯಲ್ಲಿ ಅತ್ತೆಗೆ ಎದುರು ಮಾತಾಡಿದವಳಲ್ಲ ಅವಳು. ನಾನು ಬಾಗಿಲ ಹಿಂದೆ ಇದ್ದೆ.

"ಅತ್ತಿ, ಆ ಗಾಡ್ಯಾಗ ಈ ಮನಿಯಿಂದ ಇಬ್ಬರು ಹೋದ್ರು. ನೀವು ಒಬ್ಬನ್ನ ಎಣಿಸೀರಿ. ಹೊಳ್ಳಿ ಬಂದಾಕೀನ್ನ ಈ ಮನ್ಯಾಗ ಯಾರೂ ಎಣಿಸಿಲ್ಲ."

ಆಯಿ ಬಾಗಿಲ ಕಡೆ ತಿರುಗಿ ನನ್ನನ್ನು ನೋಡಿದಳು, ಅಷ್ಟು ತಿಂಗಳ ಮೇಲೆ ಮೊದಲ ಸಲ.

"ಯವ್ವಾ ಗೌರೀ, ಎಷ್ಟ್ ಸಣ್ಣಾಕಿ ಆಗೀಯಲ್ಲ."

ಹೊಳ್ಳಿ ಬಂದವಳನ್ನು ತೂಗಿ ಹರಕೆ ತೀರಿಸಲು ಮರುದಿನ ಅಯ್ಯನವರನ್ನು ಕರೆಸಿದರು. ಅಪ್ಪ ತಕ್ಕಡಿಗೆ ವಿಭೂತಿ ಹಚ್ಚಿ, ಒಂದು ಪರಡಿಗೆ ಅಳಿದುಳಿದ ಬೆಲ್ಲ ಹೇರಿದ. ಇರುವೆ ತಿಂದು, ಕರಗಿ ಹೋಗಿ, ಪೆಂಟಿಗಳು ಹಳೆಯ ದೇವರ ಮೂರ್ತಿಗಳಂತೆ ಮೂಗು ಬಾಯಿ ಇಲ್ಲದೆ ನುಣ್ಣಗಾಗಿದ್ದವು. ಇನ್ನೊಂದು ಪರಡಿಯಲ್ಲಿ ನನ್ನನ್ನು ಕೂಡಿಸಿದರು. ನಾನಿದ್ದ ಪರಡಿ ಮೇಲೆಯೇ ಉಳಿಯಿತು. ಬೆಲ್ಲ ತೆಗೆಯುವಂತಿಲ್ಲ, ಅದು ಆಗಲೇ ದೇವರದು.

"ಅವ ಇಳಸಿದ್ದು ತರ್ರಿ," ಎಂದಳು ಆಯಿ.

ಅಪ್ಪ ತಾನೇ ಹೋಗಿ ಪಡಸಾಲೆಯ ಸೀಟು ಹೊತ್ತು ತಂದು ನನ್ನ ಕೆಳಗಿಟ್ಟ. ಅವ್ವ ಬಚ್ಚಲಿನ ರಬ್ಬರ್ ಹಾಸು ತೊಳೆದು ತಂದಳು. ಗೇಟಿನ ಹತ್ತಿರ ಒಗೆದಿದ್ದ ಆ ಚೀಲವನ್ನು ನಾನು ಮಡಚಿ ಇಟ್ಟುಕೊಂಡಿದ್ದೆ, ಅದನ್ನು ಸೀಟಿನ ಮೇಲೆ ಹಾಸಿದರು. ಹಪ್ಪಳದ ಕಟ್ಟೆಯಾಗಿದ್ದ ಸ್ಟೆಪ್ನಿಯನ್ನು ಖಾದರ ಮಾಮಾ ಉರುಳಿಸಿಕೊಂಡು ಬಂದು, ಬೂಟು ಬಿಚ್ಚಿಟ್ಟು ಒಳಗೆ ಬಂದು, ನನ್ನ ಕಾಲಿನ ಹತ್ತಿರ ಇಟ್ಟ. ಇಟ್ಟವನು 'ಶೇಖಣ್ಣ' ಎಂದು ಒಮ್ಮೆ ಮೆಲ್ಲಗೆ ಅಂದು ಹಿಂದೆ ಸರಿದ. ಆ ಕಾರಿನಿಂದ ಇಳಿದದ್ದೆಲ್ಲ ಹೀಗೆ ಪರಡಿ ಸೇರುತ್ತ ಹೋಯಿತು. ಎಲ್ಲಕ್ಕಿಂತ ಕಡೆಗೆ ಇಳಿದವಳು ನಾನು, ನಡುವೆ ಕೂತಿದ್ದೆ. ಪರಡಿ ಒಂದೊಂದೇ ಗೇಣು ಇಳಿಯಿತು, ಬೆಲ್ಲ ಮೇಲೆದ್ದಿತು. ಇನ್ನೇನು ದಂಡಿ ಸಮ ಆಗಬೇಕು, ಒಂದು ಬೆರಳಿನಷ್ಟು ಕಡಿಮೆಯಾಗಿ ನಿಂತುಬಿಟ್ಟಿತು. ಕಾರಿನಿಂದ ಇಳಿದದ್ದರಲ್ಲಿ ಇಡಲು ಮತ್ತೇನೂ ಉಳಿದಿರಲಿಲ್ಲ. ಅಯ್ಯನವರು ಕಣ್ಣು ಮುಚ್ಚಿ ಮಂತ್ರ ಹೇಳುತ್ತಿದ್ದರು.

ಆಗ ನನ್ನ ಬೆನ್ನ ಹಿಂದೆ ಅಪ್ಪ ಬಂದು ನಿಂತ. ಅವನ ಬೆರಳು ಪರಡಿಯ ಅಂಚಿನ ಮೇಲೆ ಬಂದು ಕೂತದ್ದು ನನಗೆ ಕಂಡಿತು. ವಿಭೂತಿ ಹಚ್ಚಿದ ಬೆರಳು, ಮೆಲ್ಲಗೆ ಒತ್ತಿತು. ದಂಡಿ ಸಮವಾಯಿತು.

ಆಯಿ ದಂಡಿಯನ್ನು ನೋಡಿದಳು. ಆಮೇಲೆ ಬೆರಳನ್ನು ನೋಡಿದಳು. ಅವಳ ಕಣ್ಣಿಗೆ ತಪ್ಪಿದ ತೂಕ ಆ ಊರಲ್ಲಿ ಯಾವುದೂ ಇರಲಿಲ್ಲ.

"ಸರಿ ಐತಿ. ಕೈ ತಗಿ ಚನ್ನಾ," ಎಂದಳು. ಬೆಲ್ಲದ ಒಂದು ಚೂರು ಮುರಿದು ಪ್ರಸಾದವೆಂದು ಬಾಯಿಗೆ ಹಾಕಿಕೊಂಡು, ನನ್ನ ಕಡೆ ಕೈ ಚಾಚಿದಳು.

"ಇಳಿ ಗೌರಿ. ನಿಮ್ಮವ್ವಗ ರೊಟ್ಟಿ ಬಡಿ ಅಂತ ಹೇಳು. ನನಗ ಹಸುವಾಗೇತಿ."